ಫಲಕದ ಹೊರಗೆ, ಪಾಠದ ಒಳಗೆ: ಮೈಲೂರಿನ ಒಂದು ಗಣಕ ತರಗತಿ

ಬೀದರ ನಗರದ ಮೈಲೂರಿನಲ್ಲಿ ವಾಸವಾಗಿರುವ ಕನ್ನಡ ಅಧ್ಯಾಪಕರೊಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕನ್ನಡ ಪಾಠ ಹೇಳುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಕನ್ನಡ ಅರಿಯದವರಿಗೆ ‘ಬಳಕೆ ಕನ್ನಡ’ ಎಂಬ ಪತ್ರಿಕೆಗಳಿವೆ. ವಾರಕ್ಕೊಂದು ಗಂಟೆಯ ಪಾಠ. ಗಣಿತ, ಭೌತವಿಜ್ಞಾನ, ಗಣಕ ವಿಜ್ಞಾನಗಳ ನಡುವೆ ಈ ಒಂದು ಗಂಟೆ ವಿದ್ಯಾರ್ಥಿಗಳ ಪಾಲಿಗೆ ವಿಶ್ರಾಂತಿಯ ಗಂಟೆ. ಅಧ್ಯಾಪಕರೂ ಬಹುಕಾಲ ಅದನ್ನು ಹಾಗೆಯೇ ಒಪ್ಪಿಕೊಂಡಿದ್ದರು. ತಾವು ಕಲಿಸುವ ವಚನಕ್ಕೂ ಪಕ್ಕದ ಪ್ರಯೋಗಾಲಯದಲ್ಲಿ ಸಾಲಾಗಿ ಉರಿಯುವ ಗಣಕದ ಪರದೆಗಳಿಗೂ ಏನಾದರೂ ಸಂಬಂಧವಿರಬಹುದೆಂದು ಅವರಿಗೆ ಅನ್ನಿಸಿರಲಿಲ್ಲ.

ಒಂದು ದಿನ ಪಾಠ ಮುಗಿದ ಮೇಲೂ ಒಬ್ಬ ವಿದ್ಯಾರ್ಥಿ ಬೆಂಚಿನಲ್ಲಿ ಕುಳಿತೇ ಇದ್ದ. ಔರಾದ ತಾಲ್ಲೂಕಿನ ಹಳ್ಳಿಯವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಮುಂದಿದ್ದುದು ಕ್ರಮವಿಧಿ ರಚನೆಯ ಕಿರುಪರೀಕ್ಷೆಯ ಉತ್ತರಪತ್ರಿಕೆ. ಹೆಚ್ಚಿನ ಪುಟಗಳು ಖಾಲಿಯಾಗಿದ್ದವು. ಅಧ್ಯಾಪಕರು ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: “ತಿಳಿದದ್ರಿ ಸರ್, ಖರೆ ಹೇಳ್ಲಾಕ ಬರವಲ್ದು.”

ಈ ಮಾತು ಅಧ್ಯಾಪಕರನ್ನು ಬಿಡಲಿಲ್ಲ. ತಿಳಿಯದವನಿಗೆ ಮತ್ತೊಮ್ಮೆ ಕಲಿಸಬಹುದು. ತಿಳಿದೂ ಹೇಳಲಾರದವನಿಗೆ ಏನು ಮಾಡಬೇಕು? ಅವನ ಸೋಲು ಗಣಕ ವಿಭಾಗದ್ದೇ ಅಥವಾ ಭಾಷಾ ವಿಭಾಗದ್ದೇ? ವಿಶ್ವವಿದ್ಯಾಲಯದ ವ್ಯವಸ್ಥೆಯಲ್ಲಿ ಈ ಪ್ರಶ್ನೆಗೆ ಉತ್ತರಿಸಬೇಕಾದ ಕೊಠಡಿ ಯಾವುದೆಂಬುದೇ ನಿರ್ಧಾರವಾಗಿಲ್ಲ. ಗಣಕ ಶಿಕ್ಷಣವನ್ನು ಉತ್ತಮಪಡಿಸಲು ವಿಶ್ವವಿದ್ಯಾಲಯಗಳು ಪರಸ್ಪರ ಕೈಜೋಡಿಸಿದ ನಿದರ್ಶನಗಳು ನಮ್ಮಲ್ಲಿ ಕಡಿಮೆಯೇನಲ್ಲ. ಆದರೆ ಆ ಸಹಯೋಗದ ಮೇಜಿನ ಸುತ್ತ ಯಾರು ಯಾರು ಕುಳಿತಿದ್ದರು, ಯಾರ ಕುರ್ಚಿ ಖಾಲಿಯಾಗಿತ್ತು ಎಂಬುದನ್ನು ನೋಡಿದಾಗ ಔರಾದದ ಹುಡುಗನ ಮಾತಿನ ಅರ್ಥ ಬಿಚ್ಚಿಕೊಳ್ಳುತ್ತದೆ.

ಬೀದರದಲ್ಲಿ ನಿಂತು ವಿದ್ಯಾಸಂಸ್ಥೆಗಳ ಸಹಯೋಗವನ್ನು ಕುರಿತು ಯೋಚಿಸುವವರಿಗೆ ಮೊದಲು ಎದುರಾಗುವುದು ಮಹಮೂದ ಗವಾನನ ಮದರಸಾ. ಪರ್ಷಿಯಾದ ಗಿಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್ 1472ರಲ್ಲಿ ಇದನ್ನು ಕಟ್ಟಿಸಿದನು. ಮೂರು ಅಂತಸ್ತಿನ ಈ ಕಟ್ಟಡದಲ್ಲಿ ಪಾಠಶಾಲೆ, ಗ್ರಂಥಾಲಯ, ಮಸೀದಿ, ಅಧ್ಯಾಪಕ ಮತ್ತು ವಿದ್ಯಾರ್ಥಿಗಳ ವಸತಿ ಎಲ್ಲವೂ ಇದ್ದವು. ಗ್ರಂಥಾಲಯದಲ್ಲಿ 3000 ಹಸ್ತಪ್ರತಿಗಳಿದ್ದವೆಂದು ಹೇಳಲಾಗುತ್ತದೆ. ದೂರದೇಶಗಳ ವಿದ್ವಾಂಸರೊಡನೆ ಗವಾನ್ ಪತ್ರವ್ಯವಹಾರ ನಡೆಸಿದ್ದನು. ಪಾರಸಿ ಕವಿ ಜಾಮಿಯೂ ಅವರಲ್ಲೊಬ್ಬನು. 1481ರಲ್ಲಿ ಗವಾನನ ಹತ್ಯೆಯಾಯಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟದಿಂದ ಕಟ್ಟಡದ ಒಂದು ಭಾಗ ನಾಶವಾಯಿತು. ಇಂದು ಉಳಿದಿರುವುದು ಒಂದೇ ಮಿನಾರು. ಅಲ್ಲಿನ ಪಾಠದ ಭಾಷೆಗಳು ಅರಬ್ಬಿ ಮತ್ತು ಪಾರಸಿ. ಲೋಕದ ವಿದ್ಯೆ ಬೀದರಕ್ಕೆ ಬಂದಿತ್ತು. ಆದರೆ ಬೀದರದ ಒಕ್ಕಲಿನ ಮನೆಯ ಮಾತಿಗೆ ಆ ಗೋಡೆಗಳೊಳಗೆ ಸ್ಥಾನವಿರಲಿಲ್ಲ. ಮಧ್ಯಕಾಲದ ಒಂದು ಮದರಸೆಯಿಂದ ಅದನ್ನು ನಿರೀಕ್ಷಿಸುವುದೂ ಸರಿಯಲ್ಲ. ಆದರೂ ವಿದ್ಯೆ ದೂರದಿಂದ ಬರುತ್ತದೆ, ತನ್ನ ಭಾಷೆಯನ್ನು ಜೊತೆಯಲ್ಲಿಯೇ ತರುತ್ತದೆ ಎಂಬ ಮಾದರಿ ಈ ಊರಿಗೆ ಹಳೆಯದು.

ಎರಡನೆಯ ನಿದರ್ಶನ ಅಧ್ಯಾಪಕರ ಮನೆಗೇ ಸಂಬಂಧಿಸಿದ್ದು. ಅವರ ತಂದೆ ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಮನೆಯಲ್ಲಿ ಕನ್ನಡ ಮಾತನಾಡುತ್ತಿದ್ದರು, ವಚನಗಳನ್ನು ಹೇಳುತ್ತಿದ್ದರು; ಆದರೆ ಅಂಗಡಿಯ ಲೆಕ್ಕವನ್ನು ಕೂಡುವಾಗ ಅವರ ತುಟಿಗಳು ಉರ್ದುವಿನಲ್ಲಿ ಅಲುಗುತ್ತಿದ್ದವು. ಕೊನೆಗಾಲದವರೆಗೂ ಹಾಗೆಯೇ. ಲೆಕ್ಕವನ್ನು ಕಲಿತ ಭಾಷೆಯಲ್ಲಿಯೇ ಮನಸ್ಸು ಲೆಕ್ಕ ಮಾಡುತ್ತದೆ ಎಂಬ ಸಂಗತಿಯನ್ನು ಅಧ್ಯಾಪಕರು ಯಾವ ಭಾಷಾವಿಜ್ಞಾನದ ಗ್ರಂಥದಿಂದಲೂ ಕಲಿಯಬೇಕಾಗಿರಲಿಲ್ಲ.

ಬೀದರವು ಅಂದು ಹೈದರಾಬಾದ್ ಸಂಸ್ಥಾನದಲ್ಲಿತ್ತು. 1918ರಲ್ಲಿ ಅಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿ ನೀಡಲು ನಿಶ್ಚಯಿಸಿತು. ಆಧುನಿಕ ಭಾರತದ ವಿಶ್ವವಿದ್ಯಾಲಯವೊಂದು ದೇಶಭಾಷೆಯನ್ನು ಬೋಧನ ಮಾಧ್ಯಮವಾಗಿ ಸ್ವೀಕರಿಸಿದ ಮೊದಲ ದೊಡ್ಡ ಪ್ರಯೋಗವಿದು. ಗಮನಿಸಬೇಕಾದ ಸಂಗತಿಯೆಂದರೆ, ವಿಶ್ವವಿದ್ಯಾಲಯಕ್ಕಿಂತ ಮೊದಲೇ, 1917ರಲ್ಲಿ, ದಾರುಲ್ ತರ್ಜುಮಾ ಎಂಬ ಅನುವಾದ ವಿಭಾಗ ಅಸ್ತಿತ್ವಕ್ಕೆ ಬಂದಿತು. ವಿಜ್ಞಾನ, ವೈದ್ಯಕೀಯ, ಎಂಜಿನಿಯರಿಂಗ್, ಕಾನೂನುಗಳ ಗ್ರಂಥಗಳು ಅಲ್ಲಿ ಉರ್ದುವಿಗೆ ಬಂದವು. ಪಾರಿಭಾಷಿಕ ಪದಗಳನ್ನು ನಿರ್ಣಯಿಸುವಾಗ ಶಾಸ್ತ್ರ ಬಲ್ಲವರು, ಭಾಷೆ ಬಲ್ಲವರು ಒಟ್ಟಿಗೆ ಕುಳಿತು ಚರ್ಚಿಸುತ್ತಿದ್ದರು. ಮೊದಲು ಪದ, ಆಮೇಲೆ ಪುಸ್ತಕ, ಅನಂತರ ತರಗತಿ ಎಂಬ ಈ ಕ್ರಮದಲ್ಲಿ ವಿವೇಕವಿತ್ತು.

ಆದರೆ ಈ ವಿವೇಕಕ್ಕೆ ಇನ್ನೊಂದು ಮುಖವೂ ಇದೆ. ಸಂಸ್ಥಾನದ ಬಹುಸಂಖ್ಯಾತ ಪ್ರಜೆಗಳ ಮಾತು ತೆಲುಗು, ಮರಾಠಿ ಮತ್ತು ಕನ್ನಡ. ಅವರಿಗೆ ಉರ್ದು ಇಂಗ್ಲಿಷಿಗಿಂತ ಹತ್ತಿರದ್ದಾದರೂ ಮನೆಯದಾಗಿರಲಿಲ್ಲ. ಬೀದರ ಸೀಮೆಯಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದ ಆ ದಿನಗಳಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಪಾಠ ನಡೆಸಿದ ಸಂಗತಿ ಈ ಭಾಗದ ಪ್ರತಿ ಮನೆಗೂ ಗೊತ್ತಿದೆ. ಅಧ್ಯಾಪಕರ ತಂದೆ ಕನ್ನಡ ಅಕ್ಷರಗಳನ್ನು ತಿದ್ದಿದ್ದು ಅಂತಹ ಪಾಠದಲ್ಲಿಯೇ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಉಸ್ಮಾನಿಯಾದ ಬೋಧನ ಮಾಧ್ಯಮ ಇಂಗ್ಲಿಷಿಗೆ ತಿರುಗಿತು. 1956ರಲ್ಲಿ ಬೀದರ ಕನ್ನಡ ನಾಡನ್ನು ಸೇರಿತು. ಇಂದು ವಿದ್ಯಾಸಂಸ್ಥೆಗಳ ಹೊರಗೆ ಕನ್ನಡ ಫಲಕವಿದೆ. ಒಳಗಿನ ತಾಂತ್ರಿಕ ಪಾಠ ಇಂಗ್ಲಿಷಿನಲ್ಲಿದೆ. ಫಲಕ ಮತ್ತು ಪಾಠಗಳ ನಡುವಿನ ಅಂತರ ಉಳಿದೇ ಇದೆ. ದಿಕ್ಕು ಮಾತ್ರ ಬದಲಾಗಿದೆ.

ಗಣಕ ಶಿಕ್ಷಣಕ್ಕೆ ನೇರವಾಗಿ ಸಂಬಂಧಿಸಿದ ದೊಡ್ಡ ಸಹಯೋಗ ನಡೆದದ್ದು ಕಾನ್ಪುರದಲ್ಲಿ. 1962ರಿಂದ 1972ರವರೆಗೆ ಅಮೆರಿಕದ ಒಂಬತ್ತು ವಿದ್ಯಾಸಂಸ್ಥೆಗಳು ಒಕ್ಕೂಟವಾಗಿ ಅಲ್ಲಿನ ಭಾರತೀಯ ತಂತ್ರಜ್ಞಾನ ಸಂಸ್ಥೆಗೆ ನೆರವಾದವು. ಎಂಐಟಿ, ಪ್ರಿನ್ಸ್‌ಟನ್, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಪರ್ಡ್ಯೂ ಮೊದಲಾದವು ಆ ಒಕ್ಕೂಟದಲ್ಲಿದ್ದವು. 1963ರಲ್ಲಿ ಐಬಿಎಂ 1620 ಗಣಕಯಂತ್ರ ಕಾನ್ಪುರಕ್ಕೆ ಬಂದಿತು. ಅದರೊಂದಿಗೆ ಬಂದ ಪರಿಣತರು ತಮ್ಮ ವಿದ್ಯಾರ್ಥಿಗಳಿಗಷ್ಟೇ ಕಲಿಸಲಿಲ್ಲ. ದೇಶದ ಬೇರೆ ಬೇರೆ ಸಂಸ್ಥೆಗಳ ಅಧ್ಯಾಪಕರನ್ನೂ ಎಂಜಿನಿಯರರನ್ನೂ ಕರೆಸಿ ಅಲ್ಪಾವಧಿಯ ತರಗತಿಗಳನ್ನು ನಡೆಸಲಾಯಿತು. ಭಾರತದಲ್ಲಿ ಕ್ರಮವಿಧಿ ರಚನೆಯ ಪಾಠ ವ್ಯಾಪಕವಾಗಿ ಹರಡಿದ್ದು ಹೀಗೆ.

ಈ ಕಥೆಯಲ್ಲಿ ಯಂತ್ರಕ್ಕಿಂತ ಮುಖ್ಯವಾದ ಒಂದು ಸಣ್ಣ ಸಂಗತಿಯಿದೆ. ಕಾನ್ಪುರದಲ್ಲಿ ಕಲಿಸುತ್ತಿದ್ದ ವಿ. ರಾಜಾರಾಮನ್ ಅವರು ಫೋರ್ಟ್ರಾನ್ ಭಾಷೆಯನ್ನು ಕುರಿತು ತಮ್ಮ ತರಗತಿಯ ಟಿಪ್ಪಣಿಗಳನ್ನೇ ಬೆಳೆಸಿ ಪುಸ್ತಕ ಬರೆದರು. ವಿದೇಶಿ ಗ್ರಂಥಗಳನ್ನು ಕೊಳ್ಳಲಾರದ ಭಾರತೀಯ ವಿದ್ಯಾರ್ಥಿಗಳಿಗೆ ಕೈಗೆಟಕುವ ಬೆಲೆಯಲ್ಲಿ ಅದು ದೊರೆಯಿತು. ಅವರು 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಪಠ್ಯಪುಸ್ತಕಗಳನ್ನು ಓದದ ಗಣಕ ವಿದ್ಯಾರ್ಥಿ ಕರ್ನಾಟಕದಲ್ಲಿ ವಿರಳ. ಒಂಬತ್ತು ವಿದ್ಯಾಸಂಸ್ಥೆಗಳ ಸಹಾಯ ನೆಲಕ್ಕಿಳಿದು ಬೇರೂರಿದ್ದು ಸ್ಥಳೀಯ ಅಧ್ಯಾಪಕನೊಬ್ಬ ತನ್ನೆದುರಿನ ವಿದ್ಯಾರ್ಥಿಯನ್ನು ನೋಡಿ ಬರೆದಾಗ. ಸಹಯೋಗವು ಯಂತ್ರವನ್ನು ತರಬಲ್ಲದು, ಪಠ್ಯಕ್ರಮವನ್ನು ತರಬಲ್ಲದು. ಎದುರಿಗಿರುವ ವಿದ್ಯಾರ್ಥಿಯನ್ನು ನೋಡುವ ಕಣ್ಣನ್ನು ಮಾತ್ರ ಅದು ತರಲಾರದು. ಅದು ಸ್ಥಳದಲ್ಲಿಯೇ ಹುಟ್ಟಬೇಕು.

ಬೀದರದ ಮಟ್ಟಿಗೆ ಈ ಚರಿತ್ರೆ ತಡವಾಗಿ ಆರಂಭವಾಗುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಸ್ಥಾಪನೆಯಾಯಿತು. ಮೈಲೂರ ರಸ್ತೆಯ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದೂ ಅದೇ ವರ್ಷ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ, ಅಲ್ಲಿಯವರೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳ ಅಧೀನದಲ್ಲಿದ್ದ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಛತ್ರದ ಅಡಿಯಲ್ಲಿ ಬಂದವು. ಬೆಂಗಳೂರಿನ ವಿದ್ಯಾರ್ಥಿಗೂ ಬೀದರದ ವಿದ್ಯಾರ್ಥಿಗೂ ಒಂದೇ ಪಠ್ಯಕ್ರಮ, ಒಂದೇ ಪ್ರಶ್ನೆಪತ್ರಿಕೆ. ಇದು ಸಮಾನತೆಯ ದೊಡ್ಡ ಹೆಜ್ಜೆ. ಜೊತೆಗೆ, ಅಸಮಾನರನ್ನು ಒಂದೇ ಅಳತೆಗೋಲಿನಿಂದ ಅಳೆಯುವ ಕ್ರಮವೂ ಹೌದು.

ಆ ಅಂತರವನ್ನು ತುಂಬುವ ಪ್ರಯತ್ನಗಳೂ ನಡೆದವು. 2004ರ ಸೆಪ್ಟೆಂಬರ್ 20ರಂದು ಎಡ್ಯುಸ್ಯಾಟ್ ಉಪಗ್ರಹ ಉಡಾವಣೆಯಾಯಿತು. ಅದರ ಪ್ರಾಯೋಗಿಕ ಹಂತದಲ್ಲಿ ಆಯ್ಕೆಯಾದ ಸಂಸ್ಥೆಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ನುರಿತ ಅಧ್ಯಾಪಕರ ಉಪನ್ಯಾಸಗಳು ಉಪಗ್ರಹದ ಮೂಲಕ ದೂರದ ಕಾಲೇಜುಗಳನ್ನು ತಲುಪಬಹುದೆಂಬ ಆಶಯ ಅದರದು. 2010ರಲ್ಲಿ ಉಪಗ್ರಹದ ಸೇವೆ ಮುಗಿಯಿತು. ಅಷ್ಟರಲ್ಲಿ, 2003ರಲ್ಲಿ ಆರಂಭವಾದ ಎನ್‌ಪಿಟಿಇಎಲ್ ಯೋಜನೆಯ ಮೂಲಕ ತಂತ್ರಜ್ಞಾನ ಸಂಸ್ಥೆಗಳ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಪಾಠಗಳು ಎಲ್ಲರಿಗೂ ಮುಕ್ತವಾಗತೊಡಗಿದ್ದವು; 2017ರಲ್ಲಿ ಸ್ವಯಂ ವೇದಿಕೆ ಬಂದಿತು. ಮುಂಬಯಿಯ ತಂತ್ರಜ್ಞಾನ ಸಂಸ್ಥೆಯು ಮುಕ್ತ ತಂತ್ರಾಂಶಗಳ ಕಿರುಪಾಠಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಧ್ವನಿಮುದ್ರಿಸಿ ಹಂಚಿತು. ಇಂದು ಔರಾದದ ಹಳ್ಳಿಯ ಕಟ್ಟೆಯ ಮೇಲೆ ಕುಳಿತ ಹುಡುಗ ತನ್ನ ಕೈಯಲ್ಲಿರುವ ಫೋನಿನಲ್ಲಿ ಮದ್ರಾಸಿನ ಅಥವಾ ಖರಗಪುರದ ಪ್ರಾಧ್ಯಾಪಕರ ಪಾಠವನ್ನು ಕೇಳಬಹುದು. ದೂರ ಎಂಬುದು ಹೆಚ್ಚುಕಡಿಮೆ ಗೆಲ್ಲಲ್ಪಟ್ಟಿದೆ. ಆದರೂ ಅವನು “ಹೇಳ್ಲಾಕ ಬರವಲ್ದು” ಎನ್ನುತ್ತಾನೆ.

ಹಾಗಾದರೆ ಮಾಧ್ಯಮವನ್ನೇ ಬದಲಿಸಿದರೆ ಸಾಕಲ್ಲವೇ ಎಂದು ಕೇಳಬಹುದು. ಈ ಪ್ರಯೋಗವೂ ಇದೇ ಜಿಲ್ಲೆಯಲ್ಲಿ ನಡೆದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ, 2021ರಲ್ಲಿ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಪದವಿ ನೀಡಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ ಅನುಮತಿ ನೀಡಿದಾಗ, ಕನ್ನಡ ಮಾಧ್ಯಮಕ್ಕೆ ಮುಂದೆ ಬಂದ ರಾಜ್ಯದ ಕೆಲವೇ ಕಾಲೇಜುಗಳಲ್ಲಿ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯೂ ಒಂದು. ಪಟ್ಟದ್ದೇವರ ಊರಿನಿಂದ ಈ ಹೆಜ್ಜೆ ಬಂದದ್ದು ಅರ್ಥಪೂರ್ಣವಾಗಿತ್ತು. ಆದರೆ ರಾಜ್ಯದಲ್ಲಿ ಒಟ್ಟಾರೆಯಾಗಿ ವಿದ್ಯಾರ್ಥಿಗಳ ಒಲವು ತೀರ ಕಡಿಮೆಯಾಗಿತ್ತು. ಇದಕ್ಕಾಗಿ ವಿದ್ಯಾರ್ಥಿಗಳ ಕನ್ನಡಾಭಿಮಾನವನ್ನು ಶಂಕಿಸುವುದು ಅನ್ಯಾಯ. ನಾಲ್ಕು ವರ್ಷಗಳ ಅನಂತರ ಉದ್ಯೋಗದ ಸಂದರ್ಶನ ಯಾವ ಭಾಷೆಯಲ್ಲಿ ನಡೆಯುತ್ತದೆಂಬುದು ಅವರಿಗೆ ಗೊತ್ತು. ಓದಲು ಪುಸ್ತಕಗಳೆಷ್ಟಿವೆ ಎಂಬುದೂ ಗೊತ್ತು. ಉಸ್ಮಾನಿಯಾದಲ್ಲಿ ಅನುವಾದ ವಿಭಾಗ ಮೊದಲು ಬಂದಿತು, ತರಗತಿ ಅನಂತರ ಬಂದಿತು. ನಮ್ಮಲ್ಲಿ ತರಗತಿಯ ಅನುಮತಿ ಮೊದಲು ಬಂದಿತು.

ಈ ಎಲ್ಲ ಪ್ರಯತ್ನಗಳ ನಡುವೆ ಕನ್ನಡ ವಿಭಾಗಗಳು ಎಲ್ಲಿದ್ದವು? ಪ್ರಾಮಾಣಿಕವಾಗಿ ಹೇಳುವುದಾದರೆ, ಅವು ಗಣಕವನ್ನು ಬಹುಮಟ್ಟಿಗೆ ಬೆರಳಚ್ಚು ಯಂತ್ರವೆಂದೇ ಭಾವಿಸಿದವು. ಬರಹ ಮತ್ತು ನುಡಿ ತಂತ್ರಾಂಶಗಳು ಬಂದಾಗ ಸಂಶೋಧನ ಪ್ರಬಂಧಗಳು ಅಂದವಾಗಿ ಅಚ್ಚಾದವು. ಒಂದು ಗಣಕದ ಕಡತ ಇನ್ನೊಂದರಲ್ಲಿ ತೆರೆಯದೆ ಹೋದಾಗ ಎಲ್ಲರೂ ಗೊಣಗಿದರು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಹಿಂದೆ ಕನ್ನಡ ವರ್ಣಮಾಲೆಯ ತರ್ಕವಿದೆ, ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳ ಹಿಂದೆ ಅಕ್ಷರ ಎಂದರೇನು ಎಂಬ ಪ್ರಶ್ನೆಗೆ ಒಂದು ಉತ್ತರವಿದೆ ಎಂಬುದನ್ನು ವ್ಯಾಕರಣದ ತರಗತಿಯಲ್ಲಿ ಚರ್ಚಿಸಿದವರು ಕಡಿಮೆ. ಮೈಲೂರಿನ ಅಧ್ಯಾಪಕರೂ ಈ ದೋಷದಿಂದ ಮುಕ್ತರಾಗಿರಲಿಲ್ಲ. ಔರಾದದ ಹುಡುಗನ ಮಾತು ಅವರನ್ನು ಕಾಡಿದ್ದು ಈ ಕಾರಣದಿಂದಲೇ.

ಕೊನೆಗೆ ಅವರು ಮಾಡಿದ್ದು ಸರಳವಾದ ಕೆಲಸ. ಕ್ರಮವಿಧಿ ರಚನೆ ಕಲಿಸುವ ಸಹೋದ್ಯೋಗಿಯನ್ನು ತಮ್ಮ ಕನ್ನಡದ ಗಂಟೆಗೆ ಕರೆದರು. ಆ ಸಹೋದ್ಯೋಗಿಯ ಮನೆಮಾತು ಮರಾಠಿ. ಅಂದಿನ ಪಾಠ ಸಂಧಿ ಪ್ರಕರಣ. ಅಧ್ಯಾಪಕರು ಕರಿಹಲಗೆಯ ಮೇಲೆ ‘ಗುರು’ ಎಂದು ಬರೆದು ಇದರಲ್ಲಿ ಎಷ್ಟು ಅಕ್ಷರಗಳೆಂದು ಕೇಳಿದರು. ಎರಡು ಎಂದಿತು ತರಗತಿ. ಸಹೋದ್ಯೋಗಿ ಪೈಥಾನ್ ಭಾಷೆಯಲ್ಲಿ ಅದೇ ಪದದ ಉದ್ದವನ್ನು ಕೇಳಿದಾಗ ಯಂತ್ರ ನಾಲ್ಕು ಎಂದಿತು. ‘ಅಕ್ಷರ’ ಎಂಬ ಪದಕ್ಕೆ ಯಂತ್ರದ ಲೆಕ್ಕ ಐದು. ಗಕಾರ, ಉಕಾರದ ಚಿಹ್ನೆ, ರೇಫ, ಮತ್ತೆ ಉಕಾರದ ಚಿಹ್ನೆ ಎಂದು ಯಂತ್ರ ಎಣಿಸುತ್ತದೆ. ಒತ್ತಕ್ಷರ ಬಂದಲ್ಲಿ ವಿರಾಮದ ಚಿಹ್ನೆಯೂ ಲೆಕ್ಕಕ್ಕೆ ಬರುತ್ತದೆ. ಕಣ್ಣಿಗೆ ಒಂದಾಗಿ ಕಾಣುವ ಅಕ್ಷರವನ್ನು ವ್ಯಾಕರಣವು ವ್ಯಂಜನ ಮತ್ತು ಸ್ವರವಾಗಿ ಬಿಡಿಸುವ ಕ್ರಮಕ್ಕೆ ಇದು ದೂರದ್ದೇನಲ್ಲ.

ಮುಂದಿನ ಪ್ರಶ್ನೆ: ಯಾವುದೇ ನಾಮಪದಕ್ಕೆ ‘ಅನ್ನು’ ಪ್ರತ್ಯಯ ಸೇರಿಸುವ ಕ್ರಮವಿಧಿಯನ್ನು ಬರೆಯಬಹುದೇ? ಮೊದಲ ನಿಯಮವನ್ನು ವಿದ್ಯಾರ್ಥಿಗಳೇ ಹೇಳಿದರು. ಪದದ ಕೊನೆಯಲ್ಲಿ ಇ, ಈ, ಎ, ಏ ಇದ್ದರೆ ಯಕಾರ ಆಗಮ. ಉ, ಊ, ಒ, ಓ ಇದ್ದರೆ ವಕಾರ ಆಗಮ. ‘ಹೀಗಿದ್ದರೆ ಹೀಗೆ’ ಎಂಬ ಈ ವಾಕ್ಯರಚನೆಯೇ ಕ್ರಮವಿಧಿಯ ಬೆನ್ನೆಲುಬು. ‘ಮನೆ’ಯನ್ನು ಕೊಟ್ಟಾಗ ಯಂತ್ರ ‘ಮನೆಯನ್ನು’ ಎಂದಿತು. ‘ಗುರು’ ಕೊಟ್ಟಾಗ ‘ಗುರುವನ್ನು’ ಎಂದಿತು. ‘ಊರು’ ಕೊಟ್ಟಾಗ ‘ಊರುವನ್ನು’ ಎಂದು ತೋರಿಸಿತು. ತರಗತಿ ನಕ್ಕಿತು.

ನಗುವಿನಲ್ಲಿಯೇ ಪಾಠವಿತ್ತು. ‘ಗುರು’ವಿನ ಉಕಾರ ಉಳಿಯುತ್ತದೆ, ‘ಊರು’ವಿನ ಉಕಾರ ಲೋಪವಾಗುತ್ತದೆ. ಏಕೆ? ಉಳಿಯುವ ಪದಗಳನ್ನು ಒಂದು ಕಡೆ, ಲೋಪವಾಗುವ ಪದಗಳನ್ನು ಇನ್ನೊಂದು ಕಡೆ ಬರೆಸಲಾಯಿತು. ಹಸು, ಮಗು, ಕರು, ನಡು ಒಂದು ಸಾಲಿನಲ್ಲಿ; ಹಾಲು, ಕಣ್ಣು, ಹೆಸರು, ಬಾಗಿಲು ಇನ್ನೊಂದರಲ್ಲಿ. ಎರಡು ಪಟ್ಟಿಗಳನ್ನು ನೋಡುತ್ತಿದ್ದಂತೆ ಅಧ್ಯಾಪಕರಿಗೆ ಹೊಳೆದದ್ದು ವ್ಯಾಕರಣವಲ್ಲ, ಛಂದಸ್ಸು. ಎರಡೇ ಲಘುಗಳಿಂದಾದ ಪದಗಳಲ್ಲಿ ಉಕಾರ ಉಳಿಯುತ್ತಿತ್ತು, ಉಳಿದವುಗಳಲ್ಲಿ ಬಿದ್ದುಹೋಗುತ್ತಿತ್ತು. ಲಘು ಯಾವುದು, ಗುರು ಯಾವುದು ಎಂಬುದನ್ನು ಯಂತ್ರಕ್ಕೆ ಹೇಳಬೇಕಾಯಿತು: ದೀರ್ಘಸ್ವರ, ಅನುಸ್ವಾರ, ವಿಸರ್ಗ, ಮುಂದೆ ಒತ್ತಕ್ಷರ ಇವುಗಳಲ್ಲೊಂದಿದ್ದರೆ ಗುರು, ಇಲ್ಲವಾದರೆ ಲಘು. ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಿ ಬೇಸತ್ತಿದ್ದ ವಿದ್ಯಾರ್ಥಿಗಳು ಅದೇ ಲಕ್ಷಣವನ್ನು ಈಗ ಷರತ್ತುಗಳ ಸರಣಿಯಾಗಿ ಬರೆದರು. ಯಂತ್ರ ಎಲ್ಲ ಪದಗಳಿಗೂ ಸರಿಯುತ್ತರ ನೀಡಿತು.

ಆಗ ಹಿಂದಿನ ಬೆಂಚಿನಿಂದ ಒಂದು ದನಿ ಬಂದಿತು: “ಅದು ಅಂತ ಕೊಟ್ಟ್ರ ಏನ್ ಬರ್ತದ್ರಿ?” ಕೇಳಿದವನು ಔರಾದದ ಹುಡುಗ. ಆ ಅವಧಿಯಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು. ‘ಅದು’ ಎಂಬುದರಲ್ಲಿ ಎರಡು ಲಘುಗಳಿವೆ. ನಿಯಮದಂತೆ ಯಂತ್ರ ‘ಅದುವನ್ನು’ ಎಂದಿತು. ಸರಿಯಾದ ರೂಪ ‘ಅದನ್ನು’. ಅಂದರೆ ಸರ್ವನಾಮಗಳಿಗೆ ಬೇರೆ ನಿಯಮ ಬೇಕು. ಇನ್ನೊಬ್ಬಳು ‘ವಸ್ತು’ ಎಂದಳು. ಯಂತ್ರ ಉಕಾರವನ್ನು ಕಳೆದು ‘ವಸ್ತನ್ನು’ ಎಂದಿತು. ಅಂದರೆ ತತ್ಸಮ ಪದಗಳನ್ನು ಗುರುತಿಸಬೇಕು. ಯಂತ್ರಕ್ಕೆ ತತ್ಸಮ ಯಾವುದೆಂದು ಹೇಗೆ ತಿಳಿಯಬೇಕು? ಅದಕ್ಕೊಂದು ನಿಘಂಟು ಬೇಕು. ಕಿಟೆಲ್ ಅವರ 1894ರ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇವು ಗ್ರಂಥಾಲಯದ ಕಪಾಟಿನಿಂದ ಇಳಿದು ಗಣಕ ಪ್ರಯೋಗಾಲಯದ ಅಗತ್ಯಗಳಾದದ್ದು ಆ ಕ್ಷಣದಲ್ಲಿ. ನಿಯಮ, ಅಪವಾದ, ಅಪವಾದಗಳ ಪಟ್ಟಿ, ಪಟ್ಟಿಗೊಂದು ದತ್ತಾಂಶದ ಆಧಾರ. ಕ್ರಮವಿಧಿ ರಚನೆಯ ಪಾಠವೆಲ್ಲ ಈ ನಾಲ್ಕು ಮಾತುಗಳಲ್ಲಿತ್ತು. ಅದನ್ನು ವಿದ್ಯಾರ್ಥಿಗಳು ಕನ್ನಡದಲ್ಲಿಯೇ ಹೇಳುತ್ತಿದ್ದರು.

ಇದರಲ್ಲಿ ಅಚ್ಚರಿಪಡುವಂತಹುದು ಏನೂ ಇಲ್ಲವೆಂದು ಬಲ್ಲವರು ಹೇಳಬಹುದು. ಕ್ರಮವಿಧಿ ಭಾಷೆಗಳ ವಾಕ್ಯರಚನೆಯನ್ನು ವಿವರಿಸಲು ಬಳಸುವ ಬ್ಯಾಕಸ್-ನಾರ್ ಪದ್ಧತಿಯನ್ನು ಪಾಣಿನಿ-ಬ್ಯಾಕಸ್ ಪದ್ಧತಿಯೆಂದು ಕರೆಯುವುದು ಯುಕ್ತವೆಂದು ಪಿ.ಜೆಡ್. ಇಂಗರ್‌ಮನ್ 1967ರಷ್ಟು ಹಿಂದೆಯೇ ಸೂಚಿಸಿದ್ದರು. ಸೂತ್ರ, ಅಪವಾದ, ಅನುವೃತ್ತಿಗಳ ಶಿಸ್ತು ನಮ್ಮ ವ್ಯಾಕರಣ ಪರಂಪರೆಗೆ ಸಹಜವಾದದ್ದು. ಕೇಶಿರಾಜನ ಶಬ್ದಮಣಿದರ್ಪಣವೂ ಸೂತ್ರಗಳ ಗ್ರಂಥವೇ. ಆದರೆ ಪೂರ್ವಿಕರಲ್ಲಿ ಎಲ್ಲವೂ ಇತ್ತೆಂದು ಹೆಮ್ಮೆಪಡುವುದಕ್ಕಾಗಿ ಈ ಮಾತನ್ನು ಎತ್ತಬೇಕಾಗಿಲ್ಲ. ಗಣಕ ವಿಜ್ಞಾನ ಬೆಳೆದದ್ದು ಬೇರೆ ಅಗತ್ಯಗಳಿಂದ, ಬೇರೆ ನೆಲದಲ್ಲಿ. ಇಲ್ಲಿ ಮುಖ್ಯವಾದುದು ಇಷ್ಟೇ: ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಬರಿಗೈಯಲ್ಲಿ ಬಂದಿಲ್ಲ. ನಿಯಮಬದ್ಧವಾಗಿ ಯೋಚಿಸುವ ಒಂದು ಅಭ್ಯಾಸವನ್ನು ಅವನು ಕನ್ನಡದಲ್ಲಿ ಆಗಲೇ ಪಡೆದಿದ್ದಾನೆ. ಆ ಅಭ್ಯಾಸಕ್ಕೂ ಹೊಸ ವಿದ್ಯೆಗೂ ನಡುವೆ ಸೇತುವೆ ಕಟ್ಟುವ ಕೆಲಸವನ್ನು ಗಣಕ ವಿಭಾಗ ಒಂಟಿಯಾಗಿ ಮಾಡಲಾರದು. ಕನ್ನಡ ವಿಭಾಗವೂ ಒಂಟಿಯಾಗಿ ಮಾಡಲಾರದು.

ಆ ಒಂದು ಗಂಟೆಯಿಂದ ಹುಡುಗನ ಅಂಕಗಳು ಏರಿದವೆಂದು ಹೇಳುವಂತಿಲ್ಲ. ಪರೀಕ್ಷೆಯ ಭಾಷೆ ಇಂಗ್ಲಿಷಾಗಿಯೇ ಇದೆ. ಅವನು ಅದನ್ನು ಕಲಿಯಲೇಬೇಕು, ಕಲಿಯುತ್ತಲೂ ಇದ್ದಾನೆ. ಬದಲಾದದ್ದು ಬೇರೆ. ಅವನು ಈಗ ಮೊದಲು ಕನ್ನಡದಲ್ಲಿ ಹಂತಗಳನ್ನು ಬರೆದುಕೊಳ್ಳುತ್ತಾನೆ, ಅನಂತರ ಅವನ್ನು ಇಂಗ್ಲಿಷಿಗೆ ತರುತ್ತಾನೆ. ಹೇಳಲು ಬಾರದಿದ್ದುದು ಹೇಳುವಂತಾಗಲು ನಡುವೆ ಒಂದು ಮೆಟ್ಟಿಲು ಬೇಕಾಗಿತ್ತು. ಅವನ ದಡ್ಡತನವೆಂದು ಎಣಿಸಲಾಗಿದ್ದುದು ಆ ಮೆಟ್ಟಿಲಿನ ಕೊರತೆ ಮಾತ್ರ. ಇಂತಹ ಕೊರತೆಯನ್ನು ತಮ್ಮದೇ ದೋಷವೆಂದು ನಂಬಿ ಸುಮ್ಮನಾದವರು, ಓದು ಬಿಟ್ಟು ಊರಿಗೆ ಮರಳಿದವರು ಈ ಭಾಗದ ಪ್ರತಿ ಅಧ್ಯಾಪಕನ ನೆನಪಿನಲ್ಲಿಯೂ ಇದ್ದಾರೆ.

ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದ ಮೇಲೆ ಈ ಪ್ರದೇಶದ ವಿದ್ಯಾರ್ಥಿಗಳಿಗೆ ಶಿಕ್ಷಣ ಸಂಸ್ಥೆಗಳಲ್ಲಿ ಮೀಸಲಾತಿ ದೊರೆಯಿತು. ಬಾಗಿಲು ತೆರೆದಿದೆ. ಒಳಗೆ ಬಂದವರು ಒಳಗೇ ಉಳಿಯುವಂತೆ ಮಾಡುವುದು ಕಾನೂನಿನ ಕೆಲಸವಲ್ಲ, ವಿಶ್ವವಿದ್ಯಾಲಯಗಳ ಕೆಲಸ. 2023ರಲ್ಲಿ ಬೀದರ ವಿಶ್ವವಿದ್ಯಾಲಯ ಸ್ಥಾಪನೆಯಾಗಿದೆ. ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಅದೇ ಜಿಲ್ಲೆಯಲ್ಲಿವೆ. ಎರಡರ ಆಡಳಿತ ಬೇರೆ ಬೇರೆಯಾದರೂ ವಿದ್ಯಾರ್ಥಿಗಳು ಬರುವುದು ಅದೇ ಹಳ್ಳಿಗಳಿಂದ. ಒಂದು ವಿಶ್ವವಿದ್ಯಾಲಯದ ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಯೂ ಇನ್ನೊಂದರ ಗಣಕ ವಿದ್ಯಾರ್ಥಿಯೂ ಸೇರಿ ಒಂದು ಪಾರಿಭಾಷಿಕ ಪದಕೋಶವನ್ನು, ಒಂದು ಸಂಧಿ ವಿಶ್ಲೇಷಕವನ್ನು, ಬೀದರ ಕನ್ನಡದ ಒಂದು ಧ್ವನಿಭಂಡಾರವನ್ನು ತಮ್ಮ ಕಿರುಯೋಜನೆಯಾಗಿ ಮಾಡಲು ದೊಡ್ಡ ಅನುದಾನವೇನೂ ಬೇಕಾಗಿಲ್ಲ. ಬೇಕಾದುದು ಆ ಕೆಲಸಕ್ಕೆ ಎರಡೂ ಕಡೆ ಅಂಕ ದೊರೆಯುವ ಏರ್ಪಾಡು.

ಇದರ ಅಗತ್ಯ ಈಗ ಹಿಂದೆಂದಿಗಿಂತಲೂ ಹೆಚ್ಚಾಗಿದೆ. 2022ರಲ್ಲಿ ಆರಂಭವಾದ ಭಾಷಿಣಿ ಯೋಜನೆ, ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ವಾಣಿ ಯೋಜನೆ, ಮದ್ರಾಸಿನ ತಂತ್ರಜ್ಞಾನ ಸಂಸ್ಥೆಯ ಭಾಷಾ ತಂತ್ರಜ್ಞಾನ ಸಂಶೋಧನೆ ಇವೆಲ್ಲವೂ ಜನರ ಮಾತಿನ ಮಾದರಿಗಳನ್ನು ಸಂಗ್ರಹಿಸಿ ಯಂತ್ರಗಳಿಗೆ ಕಲಿಸುತ್ತಿವೆ. ಯಂತ್ರಕ್ಕೆ ದೊರೆಯುವ ಕನ್ನಡ ಯಾವುದು? ‘ಮನ್ಯಾಗ’ ಎಂಬುದನ್ನು ಅದು ತಪ್ಪೆಂದು ತಿದ್ದುವುದೇ ಅಥವಾ ಮನಿ ಎಂಬುದರ ಮುಂದೆ ಆಗ ಪ್ರತ್ಯಯ ಸೇರಿ ಇಕಾರ ಯಕಾರವಾದ ಸಹಜರೂಪವೆಂದು ಅರಿಯುವುದೇ? ಇದನ್ನು ನಿರ್ಧರಿಸುವ ಜ್ಞಾನ ಉಪಭಾಷೆಗಳನ್ನು ಅಧ್ಯಯನ ಮಾಡಿದ ಕನ್ನಡ ವಿಭಾಗಗಳಲ್ಲಿದೆ. ಆ ಜ್ಞಾನ ಪಿಎಚ್.ಡಿ. ಪ್ರಬಂಧಗಳ ರಟ್ಟಿನೊಳಗೆ ಉಳಿದರೆ ಯಂತ್ರವು ತನಗೆ ಸಿಕ್ಕಿದ್ದನ್ನೇ ಕನ್ನಡವೆಂದು ಕಲಿಯುತ್ತದೆ. ಮುಂದಿನ ತಲೆಮಾರಿನ ಔರಾದದ ಹುಡುಗ ಆಗ ಯಂತ್ರದ ಮುಂದೆಯೂ “ಹೇಳ್ಲಾಕ ಬರವಲ್ದು” ಎನ್ನಬೇಕಾದೀತು.

ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಮೈಲೂರಿನ ಆ ತರಗತಿಯಲ್ಲಿ ಉರ್ದು, ಮರಾಠಿ, ತೆಲುಗು ಮನೆಮಾತಿನ ವಿದ್ಯಾರ್ಥಿಗಳೂ ಇದ್ದರು. ಸಂಧಿಯ ಪಾಠ ನಡೆಯುತ್ತಿದ್ದಾಗ ಅವರಲ್ಲಿ ಕೆಲವರು ಸುಮ್ಮನಿದ್ದರು. ಅಧ್ಯಾಪಕರಿಗೆ ತಮ್ಮ ತಂದೆಯ ನೆನಪಾಯಿತು. ಒಂದು ಕಾಲದಲ್ಲಿ ಉರ್ದು ತನ್ನ ಸದುದ್ದೇಶದ ನಡುವೆಯೂ ಕನ್ನಡದ ಮಕ್ಕಳಿಗೆ ಮಾಡಿದ್ದನ್ನು ಕನ್ನಡವು ಇಂದು ಇತರರಿಗೆ ಮಾಡಬಾರದು. ಮುಂದಿನ ವಾರ ಅವರು ಅದೇ ಪ್ರಶ್ನೆಯನ್ನು ಮರಾಠಿಗೂ ಉರ್ದುವಿಗೂ ಕೇಳಿದರು: ನಿಮ್ಮ ಮನೆಯ ಮಾತಿನಲ್ಲಿ ಪದದ ಕೊನೆ ಹೇಗೆ ಬದಲಾಗುತ್ತದೆ, ಅದಕ್ಕೆ ನಿಯಮ ಬರೆಯಬಹುದೇ? ಮರಾಠಿಯ ಸಾಮಾನ್ಯರೂಪವನ್ನು ವಿವರಿಸಲು ಕ್ರಮವಿಧಿಯ ಅಧ್ಯಾಪಕರೇ ಎದ್ದು ನಿಂತರು. ಉರ್ದುವಿನಲ್ಲಿ ‘ಲಡ್ಕಾ’ ಎಂಬುದು ‘ಲಡ್ಕೇ ಕೋ’ ಆಗುವ ನಿಯಮವನ್ನು ಒಬ್ಬ ವಿದ್ಯಾರ್ಥಿನಿ ಕರಿಹಲಗೆಯ ಮೇಲೆ ಬಲದಿಂದ ಎಡಕ್ಕೆ ಬರೆದಳು.

ಅಧ್ಯಾಪಕರು ಆ ಬರಹವನ್ನು ಓದಲಾರರು. ಮನೆಯಲ್ಲಿ ತಂದೆಯ ಲೆಕ್ಕದ ಪುಸ್ತಕಗಳು ಇನ್ನೂ ಇವೆ, ಅದೇ ಲಿಪಿಯಲ್ಲಿ. ಅವುಗಳಲ್ಲಿ ಏನಿದೆಯೆಂದು ಅವರು ಯಾರನ್ನೂ ಕೇಳಿರಲಿಲ್ಲ. ಪಾಠ ಮುಗಿದ ಮೇಲೆ ಆ ವಿದ್ಯಾರ್ಥಿನಿಯನ್ನು ಕರೆದು, ಒಂದು ಪುಟವನ್ನು ತಂದರೆ ಓದಿ ಹೇಳುವೆಯಾ ಎಂದು ಕೇಳಿದರು. ಆಕೆ ಒಪ್ಪಿದಳು. ವಿಶ್ವವಿದ್ಯಾಲಯಗಳ ನಡುವಿನ ಒಡಂಬಡಿಕೆಗಳಿಗೆ ಕುಲಪತಿಗಳ ಸಹಿ ಬೇಕು, ಮೊಹರು ಬೇಕು. ಅವು ಬರಲಿ. ಆದರೆ ಅವು ನೆಲೆಗೊಳ್ಳುವುದು ಇಂತಹ ತರಗತಿಗಳಲ್ಲಿ, ಒಬ್ಬರಿಗೆ ತಿಳಿದುದನ್ನು ಇನ್ನೊಬ್ಬರಿಂದ ಕೇಳಿ ತಿಳಿಯಲು ಅಧ್ಯಾಪಕನೂ ಸಿದ್ಧನಾದಾಗ.